ಕಿವಿಯೊಳಗೊಂದು ಸಭೆ

ಭಾನುವಾರ ಬೆಳಗ್ಗೆ ಏಳಕ್ಕೆ ಕೀಬೋರ್ಡಿನ ಮುಂದೆ ಕೂತು ನಾನು ಮೊದಲು ಮಾಡುವ ಕೆಲಸ ಬತ್ತಿ ಹೊಸೆಯುವುದು. ಇಯರ್‌ಫೋನಿನ ತುದಿಗಿರುವ ಸ್ಪಂಜಿನ ತುಂಡನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಪಕ್ಕದ ಮನೆಯ ಅಜ್ಜಿ ಸಂಜೆಯ ದೀಪಕ್ಕೆ ಹತ್ತಿ ಹೊಸೆಯುತ್ತಿದ್ದ ಹಾಗೆ ನಿಧಾನವಾಗಿ ಹೊಸೆಯುತ್ತೇನೆ. ಅದು ಕಡ್ಡಿಯಷ್ಟು ಸಣ್ಣಗಾದ ಕೂಡಲೇ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಬೇಕು. ಒಳಗಿನ ಅಂಕುಡೊಂಕು ದಾರಿ ಆಗ ನೆಟ್ಟಗಾಗುತ್ತದೆ. ಬಲಗೈಯಿಂದ ಸ್ಪಂಜನ್ನು ಸೇರಿಸಿ, ಅದು ಒಳಗೆ ಹಿಗ್ಗಿ ಗೋಡೆಗೆ ಅಂಟಿಕೊಳ್ಳುವ ತನಕ ಬೆರಳನ್ನು ಅಲ್ಲೇ ಒತ್ತಿ ಅರ್ಧ ನಿಮಿಷ ಕಾಯಬೇಕು. ಆ ಅರ್ಧ ನಿಮಿಷದಲ್ಲಿ ಪ್ರಪಂಚ ಸ್ವಲ್ಪಸ್ವಲ್ಪವಾಗಿ ದೂರ ಸರಿಯುತ್ತದೆ. ಮೊದಲು ಫ್ಯಾನಿನ ಗಾಳಿ, ಆಮೇಲೆ ಕುರ್ಚಿ ಎಳೆಯುವ ಸದ್ದು, ಕೊನೆಗೆ ಬಾಗಿಲ ಬಳಿ ನಿಂತ ಹಿರಿಯರ ಮಾತು.

ಆ ಅರ್ಧ ನಿಮಿಷ ಕಾಯಲಾರದವರು ಮುಂದಿನ ಎರಡು ಗಂಟೆ ಒದ್ದಾಡುವುದನ್ನು ನೋಡಿದ್ದೇನೆ. ಸರಿಯಾಗಿ ಕೂರದ ಇಯರ್‌ಫೋನಿನಿಂದ ಮೊದಲು ಸೋರಿಹೋಗುವುದು ಮಂದ್ರ. ಬೇಸ್ ಗಿಟಾರ್ ಕೇಳುವುದಿಲ್ಲ, ತಬಲದ ಬಾಯಾಂ ಕೇಳುವುದಿಲ್ಲ. ಕೇಳುವುದಿಲ್ಲವೆಂದು ವಾಲ್ಯೂಮ್ ಏರಿಸುತ್ತಾರೆ. ಆದರೂ ಮಂದ್ರ ಬರುವುದಿಲ್ಲ, ತಾರದ ಚೂಪು ಮಾತ್ರ ಏರಿ ಕಿವಿಗೆ ಚುಚ್ಚುತ್ತದೆ. ಸಾವಿರಗಟ್ಟಲೆ ಕೊಟ್ಟು ತಂದ ಯಂತ್ರದ ಗುಣವನ್ನು ಕೊನೆಗೆ ತೀರ್ಮಾನಿಸುವುದು ಅಗ್ಗದ ಆ ಸ್ಪಂಜು. ಅದರಲ್ಲೂ ಸಣ್ಣದು, ನಡುವಿನದು, ದೊಡ್ಡದು ಎಂದು ಇದೆ. ನನ್ನ ಎಡಗಿವಿಗೆ ನಡುವಿನದು ಬೇಕು, ಬಲಗಿವಿಗೆ ಸಣ್ಣದು. ಇದು ಗೊತ್ತಾಗಲು ನನಗೆ ಆರು ತಿಂಗಳು ಹಿಡಿಯಿತು.

ನಾನು ಹಾರ್ಮೋನಿಯಂ ಇದ್ದ ಮನೆಯಲ್ಲಿ ಬೆಳೆದವನು. ಕರಾವಳಿಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಅಪ್ಪನೇ ಬಾರಿಸುತ್ತಿದ್ದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಜೊತೆ ಜರ್ಮನಿಯ ಸ್ತೋತ್ರಗೀತೆಗಳ ಧಾಟಿಗಳು, ನಾಲ್ಕು ಧ್ವನಿಯಲ್ಲಿ ಹಾಡುವ ಕ್ರಮ ನಮ್ಮ ಕಡೆಗೆ ಬಂದವು. ಇಲ್ಲಿಯ ರಾಗ ತಾಳಕ್ಕೆ ಕಟ್ಟಿದ ಕೀರ್ತನೆಗಳೂ ಅವುಗಳ ಪಕ್ಕದಲ್ಲೇ ಬೆಳೆದವು. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟೆಲ್ ಅವರು 1862ರಲ್ಲೇ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಅಪ್ಪನ ಹಳೆಯ ಹಾಡಿನ ಪುಸ್ತಕದಲ್ಲಿ ಕೆಲವು ಪುಟಗಳ ಮೇಲೆ ಪೆನ್ಸಿಲಿನಲ್ಲಿ ಮೋಹನ, ಆದಿತಾಳ ಎಂದಿದ್ದರೆ ಕೆಲವದರ ಮೇಲೆ ಜಿ ಮೇಜರ್ ಎಂದಿರುತ್ತಿತ್ತು. ಎರಡೂ ಒಂದೇ ಆರಾಧನೆಯಲ್ಲಿ ನಡೆಯುತ್ತಿದ್ದವು. ಹೆಂಚಿನ ಮಾಡಿನ ಕೆಳಗೆ ಅರವತ್ತು ಜನ. ಮೈಕು ಇರಲಿಲ್ಲ. ಅಪ್ಪ ಬಾರಿಸಿದ್ದು ಅವರಿಗೆ ಕೇಳುತ್ತಿತ್ತು, ಅವರು ಹಾಡಿದ್ದು ಅಪ್ಪನಿಗೆ ಕೇಳುತ್ತಿತ್ತು. ಹಾಡು ಮುಗಿಯಿತು ಎನ್ನುವಾಗ ಹಿಂದಿನ ಸಾಲಿನಲ್ಲಿ ಯಾರೋ ಪಲ್ಲವಿಯನ್ನು ಮತ್ತೆ ಎತ್ತಿಕೊಂಡರೆ, ತಿದಿಯ ಮೇಲಿಂದ ಎತ್ತಲು ಹೊರಟಿದ್ದ ಅಪ್ಪನ ಎಡಗೈ ಮತ್ತೆ ಒತ್ತಲು ಶುರುಮಾಡುತ್ತಿತ್ತು. ಆ ಕೈಯನ್ನು ನಾನು ಇವತ್ತಿಗೂ ಕಣ್ಣೆದುರು ಕಾಣಬಲ್ಲೆ.

ಬೆಂಗಳೂರಿನ ನಮ್ಮ ಕನ್ನಡ ಸಭೆಯಲ್ಲಿ ಈಗ ನಾನೂರು ಜನ. ವೇದಿಕೆಯ ಮೇಲೆ ಡ್ರಮ್ಸ್, ಬೇಸ್, ಎರಡು ಗಿಟಾರ್, ಕೀಬೋರ್ಡ್, ತಬಲ, ನಾಲ್ವರು ಹಾಡುವವರು. ಬೈಬಲಿನ 150ನೇ ಕೀರ್ತನೆ ತುತೂರಿ, ಕಿನ್ನರಿ, ದಮ್ಮಡಿ, ಕೊಳಲು, ತಾಳ ಎಂದು ಹೆಸರು ಹಿಡಿದು ಎಲ್ಲ ವಾದ್ಯಗಳನ್ನೂ ಆರಾಧನೆಗೆ ಕರೆಯುತ್ತದೆ. ಅವೆಲ್ಲ ಬಂದು ಹತ್ತಡಿ ಜಾಗದಲ್ಲಿ ಕೂತಾಗ ಒಬ್ಬರದು ಇನ್ನೊಬ್ಬರಿಗೆ ಹೇಗೆ ಕೇಳಬೇಕು ಎಂಬ ಕೆಲಸ ನಮಗೇ ಬಿಟ್ಟದ್ದು.

ಮೊದಲು ನಮ್ಮಲ್ಲಿ ಮಾನಿಟರ್ ಬಾಕ್ಸುಗಳಿದ್ದವು. ನೆಲದ ಮೇಲೆ ಓರೆಯಾಗಿ ನಮ್ಮ ಕಡೆ ಮುಖ ಮಾಡಿದ ಐದು ಪೆಟ್ಟಿಗೆಗಳು. ಡ್ರಮ್ಸ್‌ನ ಸದ್ದಿನಲ್ಲಿ ಗಿಟಾರಿನವನಿಗೆ ತನ್ನದು ಕೇಳದು, ತನ್ನ ಪೆಟ್ಟಿಗೆಯಲ್ಲಿ ಗಿಟಾರ್ ಏರಿಸೆನ್ನುತ್ತಾನೆ. ಅದು ಏರಿದಾಗ ಹಾಡುವವರಿಗೆ ತಮ್ಮ ದನಿ ಕೇಳದು. ಅವರದು ಏರಿದಾಗ ಮೈಕು ಕೀಂಯೆಂದು ಕಿರುಚುತ್ತದೆ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗರಿವಿಲ್ಲದೆ ದನಿ ಎತ್ತರಿಸುತ್ತಾನೆ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ಕಿವಿವೈದ್ಯರು 1911ರಲ್ಲಿ ಪ್ರಕಟಿಸಿದ ಈ ಸಂಗತಿಯನ್ನು ನಮ್ಮ ವೇದಿಕೆಯಲ್ಲಿ ಪ್ರತಿ ಭಾನುವಾರ ನೋಡಬಹುದಿತ್ತು. ಆ ಪೆಟ್ಟಿಗೆಗಳ ಸದ್ದೆಲ್ಲ ಹಿಂಗೋಡೆಗೆ ಬಡಿದು ಸಭೆಯ ಮೇಲೆ ಬೀಳುತ್ತಿತ್ತು. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಬಂದು, ನಾವು ಹಾಡುವುದು ನಮಗೇ ಕೇಳಿಸುವುದಿಲ್ಲವಲ್ಲಪ್ಪ ಎಂದು ಮೆತ್ತಗೆ ಹೇಳಿ ಹೋಗುತ್ತಿದ್ದರು. ಅವರ ಮಾತು ಪೂರಾ ನಿಜವಾಗಿತ್ತು.

ಆ ದಿನಗಳಲ್ಲಿ ರಾತ್ರಿ ಮಲಗಿದರೆ ನನ್ನ ಕಿವಿಯಲ್ಲಿ ಮಲೆನಾಡಿನ ಜೀರುಂಡೆ ಕೂಗುತ್ತಿತ್ತು. ಸೋಮವಾರ ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತಿದ್ದುದರಿಂದ ನಾನು ಅದನ್ನು ದಣಿವೆಂದು ಬಿಟ್ಟುಬಿಟ್ಟಿದ್ದೆ. ಬಿಡಬಾರದಿತ್ತು. ಕಿವಿಯ ಒಳಗಿನ ಶಂಖದಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳಿರುವುದು ಒಂದೊಂದು ಕಿವಿಗೆ ಸುಮಾರು 15,000 ಅಷ್ಟೇ, ಸತ್ತರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯಾಶ್ ಸಂಸ್ಥೆ ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತ ಹೋಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. 100 ಮುಟ್ಟಿದರೆ ಉಳಿಯುವುದು ಕಾಲು ಗಂಟೆ. ಡ್ರಮ್ಸ್ ಪಕ್ಕದಲ್ಲಿ 100 ಎಂಬುದು ಅಪರೂಪದ ಅಂಕೆಯಲ್ಲ, ನಮ್ಮ ಸ್ತುತಿ ಆರಾಧನೆಯ ಭಾಗವೇ ಮುಕ್ಕಾಲು ಗಂಟೆ ನಡೆಯುತ್ತದೆ.

ಕಿವಿಯೊಳಗೇ ಮಾನಿಟರ್ ಇಡುವ ಯೋಚನೆ ರಾಕ್ ಸಂಗೀತದ ವೇದಿಕೆಗಳಲ್ಲಿ ಬೆಳೆದದ್ದು. 1995ರಲ್ಲಿ ಜೆರ್ರಿ ಹಾರ್ವೆ ಎಂಬ ಸೌಂಡ್ ಎಂಜಿನಿಯರ್ ವ್ಯಾನ್ ಹೇಲನ್ ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್ ಅವರಿಗೆಂದು ಕಿವಿಗೆ ಹೊಂದುವ ಇಯರ್‌ಫೋನು ಮಾಡಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಅಲ್ಲಿಂದ. ನಮ್ಮಂಥ ಸಭೆಗಳಿಗೆ ಅದು ಬಂದದ್ದು ಡಿಜಿಟಲ್ ಮಿಕ್ಸರುಗಳ ಬೆಲೆ ಇಳಿದ ಮೇಲೆ. ಒಂದು ವರ್ಷದ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ನಾಟಿಕೋಳಿ ಹರಾಜು ಹಾಕಿ ಬಂದ ದುಡ್ಡನ್ನು ಸಭೆ ಇದಕ್ಕೆಂದು ಕೊಟ್ಟಿತು. ನಿಂತು ಹಾಡುವ ಇಬ್ಬರಿಗೆ ವೈರ್‌ಲೆಸ್, ಉಳಿದವರಿಗೆ ತಂತಿಯದ್ದು. ಕೂತು ಬಾರಿಸುವವನಿಗೆ ವೈರ್‌ಲೆಸ್ ಬೇಕಿಲ್ಲವೆಂದು ನಾನೇ ವಾದಿಸಿದೆ. ಬ್ಯಾಟರಿ ಮುಗಿಯುವ ಭಯವೂ ಇಲ್ಲ, ಖರ್ಚೂ ಕಡಿಮೆ.

ಮೊದಲ ಭಾನುವಾರ ಹಾಕಿಕೊಂಡಾಗ ನನಗಾದ ಸಂತೋಷ ಹೇಳತೀರದು. ನನ್ನ ಎಡಗೈಯ ಒಂದೊಂದು ಸ್ವರವೂ ತೊಳೆದಿಟ್ಟ ಹಾಗೆ ಕೇಳುತ್ತಿತ್ತು. ಬೇಸ್ ಎಲ್ಲಿ ಹೆಜ್ಜೆ ಇಡುತ್ತದೆ, ತಬಲದ ಕಿನಾರ್ ಎಲ್ಲಿ ಮಿಡಿಯುತ್ತದೆ, ಎಲ್ಲ ಗೊತ್ತಾಗುತ್ತಿತ್ತು. ಇಷ್ಟು ಚೊಕ್ಕಟವಾಗಿ ನಾನು ಎಂದೂ ಬಾರಿಸಿರಲಿಲ್ಲ. ಮೂರನೆಯ ಹಾಡು ಜಿ ಮೇಜರಿನಲ್ಲಿ ಮುಗಿಯಿತು. ಕೊನೆಯ ಸ್ವರ ಆರಿತು. ಕಿವಿಯಲ್ಲಿ ಹತ್ತಿಯಂಥ ನಿಶ್ಶಬ್ದ. ಮುಂದಿನ ಹಾಡು ಇ ಮೇಜರ್. ಎರಡು ಉಸಿರು ಬಿಟ್ಟು ಅದನ್ನು ಶುರುಮಾಡಿದೆ.

ತಲೆ ಎತ್ತಿ ನೋಡಿದಾಗ ಜನರ ತುಟಿಗಳು ಅಲುಗಾಡುತ್ತಿದ್ದವು. ಮುಂದಿನ ಸಾಲಿನಲ್ಲಿ ಯಾವಾಗಲೂ ಬಿಳಿಸೀರೆಯುಟ್ಟು ಕೂರುವ ಅಜ್ಜಿ ಕಣ್ಣು ಮುಚ್ಚಿ ಎರಡೂ ಕೈ ಎತ್ತಿ ಹಾಡುತ್ತಿದ್ದರು. ಇಡೀ ಸಭೆ ಹಾಡುತ್ತಿತ್ತು. ನಾವು ನಿಲ್ಲಿಸಿದ ಮೇಲೂ ಅವರು ಪಲ್ಲವಿಯನ್ನು ತಾವಾಗಿ ಎತ್ತಿಕೊಂಡಿದ್ದರು. ಜಿ ಮೇಜರಿನಲ್ಲಿ ಅವರು ಹಾಡುತ್ತಿದ್ದ ಸ್ತುತಿಯ ಮೇಲೆ ನಾನು ಇ ಮೇಜರಿನ ಕಲ್ಲು ಎತ್ತಿ ಹಾಕಿದ್ದೆ. ನಾನು ನೋಡುತ್ತಿದ್ದಂತೆಯೇ ಅಜ್ಜಿಯ ಕೈ ಇಳಿಯಿತು, ಕಣ್ಣು ತೆರೆಯಿತು. ನಾನೂರು ಜನ ನನ್ನೆದುರು ಹತ್ತು ಹೆಜ್ಜೆ ದೂರದಲ್ಲಿ ಗಂಟಲು ಬಿಟ್ಟು ಹಾಡುತ್ತಿದ್ದರೂ ನನಗೆ ಒಂದು ಎಳೆಯೂ ಕೇಳಿರಲಿಲ್ಲ. ಸ್ಪಂಜು ತನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿತ್ತು. ಆ ದಿನ ಮನೆಗೆ ಹೋಗಿ ಅಪ್ಪನ ಎಡಗೈಯನ್ನು ನೆನೆದು ಬಹಳ ಹೊತ್ತು ಕೂತಿದ್ದೆ.

ಕಿವಿಗೆ ಬೇಕಾದ ಒಂದು ದನಿಯನ್ನು ಹತ್ತಿರ ತಂದುಕೊಳ್ಳುವುದು ನಮಗೆ ಹೊಸದಲ್ಲ. ಕಚೇರಿಯಲ್ಲಿ ಗಾಯಕರ ಬೆನ್ನ ಹಿಂದೆ ತಂಬೂರಿ ಕೂರುವುದು ಸುಮ್ಮನೆ ಅಲಂಕಾರಕ್ಕಲ್ಲ. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಚಿತ್ರಗಳನ್ನು ನೋಡಿ, ತಂಬೂರಿ ಅವರ ಕಿವಿಯ ಸಮೀಪವೇ ಇರುತ್ತದೆ. ಹಳ್ಳಿಯ ಹಾಡುಗಾರ ಕಿವಿಗೆ ಅಂಗೈ ಮರೆಮಾಡಿ ಹಾಡುವುದೂ ತನ್ನ ದನಿಯನ್ನು ತನಗೆ ತಂದುಕೊಳ್ಳಲೆಂದೇ. ಆದರೆ ತಂಬೂರಿಯ ಮುಂದೆ ಕೂತವರಿಗೆ ಎದುರಿನ ಶ್ರೋತೃವಿನ ‘ವಾಹ್’ ಕೇಳುತ್ತದೆ. ಅಂಗೈ ಮರೆಮಾಡುವುದು ಒಂದೇ ಕಿವಿಯನ್ನು, ಅದೂ ಅರ್ಧ. ಎರಡೂ ಕಿವಿಗಳನ್ನು ಪೂರ್ತಿ ಮುಚ್ಚಿಕೊಂಡು ಸಮೂಹದ ಮುಂದೆ ಕೂರುವ ಪಾಡು ನಮಗೆ ಮಾತ್ರ ಬಂದದ್ದು. ಹಾಗಾಗಿ ಮುಚ್ಚಿದ್ದನ್ನು ತುಂಬಿಕೊಡುವ ಹೊಣೆಯೂ ನಮ್ಮದೇ.

ನಮ್ಮ ಸೌಂಡ್ ಡೆಸ್ಕಿನಲ್ಲಿ ಕೂರುವ ಹುಡುಗ ಎಂಜಿನಿಯರಿಂಗ್ ಓದುತ್ತಾನೆ. ಆ ಭಾನುವಾರದ ಮರುದಿನ ಸಂಜೆ ಅವನೂ ನಾನೂ ಖಾಲಿ ಆಲಯದಲ್ಲಿ ಕೂತು, ಆರಾಧನೆಯ ರೆಕಾರ್ಡಿಂಗ್ ಹಾಕಿಕೊಂಡು ಎಲ್ಲವನ್ನೂ ಮೊದಲಿನಿಂದ ಕಟ್ಟಿದೆವು. ಅವನು ನನಗೆ ಹೇಳಿಕೊಟ್ಟದ್ದನ್ನು ನಾನು ಕೆರೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಮೈಕಿನಿಂದ ಬಂದ ಸದ್ದು ಮೊದಲು ಸೇರುವ ಜಾಗ ಗೇನ್, ಅದು ಕೆರೆ. ಹಾಲಿನ ಸ್ಪೀಕರಿಗೆ ಹೋಗುವುದು ದೊಡ್ಡ ತೂಬು. ನನ್ನ ಕಿವಿಗೆ ಬರುವ ಕಾಲುವೆಗೆ ಅದೇ ಕೆರೆಯಿಂದ ಬೇರೆ ತೂಬು ಇರಬೇಕು. ಇದನ್ನೇ ಪ್ರೀ-ಫೇಡರ್ ಎನ್ನುತ್ತಾರೆ. ಹಾಗೆ ಮಾಡಿದರೆ ಹಾಲಿನಲ್ಲಿ ತಬಲವನ್ನು ಇಳಿಸಿದರೂ ನನ್ನ ಕಿವಿಯಲ್ಲಿ ಅದು ಇಳಿಯುವುದಿಲ್ಲ. ಆದರೆ ಕೆರೆಯ ಮಟ್ಟವೇ ಏರಿಳಿದರೆ ಎಲ್ಲ ಕಾಲುವೆಗಳೂ ಏರಿಳಿಯುತ್ತವೆ. ಆದ್ದರಿಂದ ಆರಾಧನೆ ಶುರುವಾದ ಮೇಲೆ ಗೇನ್ ಮುಟ್ಟಬಾರದು. ಅದನ್ನು ಮೊದಲೇ, ಎಲ್ಲರೂ ಪೂರ್ತಿ ದನಿಯಲ್ಲಿ ಹಾಡಿ ಬಾರಿಸುವಾಗ ಇಟ್ಟುಕೊಳ್ಳಬೇಕು. ಸೌಂಡ್ ಚೆಕ್ಕಿನಲ್ಲಿ ಪಿಸುಗುಟ್ಟಿ ಮೂರನೇ ಹಾಡಿನಲ್ಲಿ ಗರ್ಜಿಸುವ ಗಾಯಕರು ಹತ್ತು ಜನರ ಕಿವಿಗೆ ಅನ್ಯಾಯ ಮಾಡುತ್ತಾರೆ.

ಇನ್ನು ನನ್ನ ಮಿಕ್ಸು. ಮೊದಲ ವಾರ ನಾನು ಮಾಡಿದ್ದ ತಪ್ಪು ಎಲ್ಲರೂ ಮಾಡುವಂಥದ್ದು. ಫೋನಿನಲ್ಲಿ ಮಿಕ್ಸರಿನ ಆ್ಯಪ್ ತೆರೆದು, ಇರುವ ಹದಿನಾರು ದನಿಗಳನ್ನೂ ಮೇಲಕ್ಕೆ ತಳ್ಳಿ, ತನ್ನದು ಕೇಳದಾಗ ತನ್ನದನ್ನು ಇನ್ನೂ ಮೇಲಕ್ಕೆ ತಳ್ಳುವುದು. ಅಲ್ಲಿಗೆ ನೆಲದ ಪೆಟ್ಟಿಗೆಗಳ ಜಗಳವೇ ತಲೆಯೊಳಗೆ ಶುರುವಾಗುತ್ತದೆ. ಈ ಸಲ ಎಲ್ಲವನ್ನೂ ಸೊನ್ನೆಗೆ ಇಳಿಸಿದೆವು. ಇಯರ್‌ಫೋನಿನ ತಂತಿ ಸೇರುವ ಸೊಂಟದ ಡಬ್ಬಿಯ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಟ್ಟೆ. ಮೊದಲು ನನ್ನ ಕೀಬೋರ್ಡ್ ಮಾತ್ರ, ಮನೆಯಲ್ಲಿ ಅಭ್ಯಾಸ ಮಾಡುವಾಗ ಕೇಳುವಷ್ಟು. ಅದರ ಪಕ್ಕದಲ್ಲಿ ಬೇಸ್, ಯಾಕೆಂದರೆ ನನ್ನ ಎಡಗೈಯೂ ಅದೂ ಒಂದೇ ಹೊಲದ ಒಡೆಯರು. ಲಯಕ್ಕೆ ಡ್ರಮ್ಸ್‌ನ ಹೈ-ಹ್ಯಾಟ್ ಸ್ವಲ್ಪ, ತಬಲ ಸ್ವಲ್ಪ. ಆಮೇಲೆ ನಡುವಿನಲ್ಲಿ, ಎಲ್ಲಕ್ಕಿಂತ ಸ್ಪಷ್ಟವಾಗಿ, ಹಾಡು ನಡೆಸುವವರ ದನಿ. ಅವರ ಉಸಿರೂ ಕೇಳಬೇಕು. ಚರಣಕ್ಕೆ ಹೋಗುತ್ತಾರೋ ಪಲ್ಲವಿಗೆ ಮರಳುತ್ತಾರೋ ಎಂಬುದು ಉಸಿರು ಎಳೆದುಕೊಳ್ಳುವ ರೀತಿಯಲ್ಲೇ ಮೊದಲು ಗೊತ್ತಾಗುತ್ತದೆ.

ಅಷ್ಟಕ್ಕೆ ನಿಲ್ಲಿಸಿ ಹುಡುಗ ಕೇಳಿದ, ಇನ್ನೇನು ಬೇಕು ಅಂತ. ಯೋಚಿಸಿದೆ. ಎರಡನೇ ಗಿಟಾರ್ ಇಲ್ಲದಿದ್ದರೆ ನಾನು ತಪ್ಪುತ್ತೇನೆಯೇ? ಇಲ್ಲ. ಕಿಕ್ ಡ್ರಮ್? ಅದು ವೇದಿಕೆಯ ಹಲಗೆಯಿಂದ ನನ್ನ ಪಾದಕ್ಕೇ ಬರುತ್ತದೆ. ಜೊತೆ ಹಾಡುವ ಮೂವರು? ತುಸು ಇದ್ದರೆ ಸಾಕು. ಏನನ್ನಾದರೂ ಜಾಸ್ತಿ ಕೇಳಬೇಕಾದರೆ ಅದನ್ನು ಏರಿಸುವ ಮೊದಲು ಅದರ ಮೇಲೆ ಕೂತಿರುವುದನ್ನು ಇಳಿಸಿ ನೋಡಬೇಕೆಂಬುದು ಆ ಸಂಜೆ ಕಲಿತ ಪಾಠ. ಆಮೇಲೆ ಅವನು ಒಂದೊಂದನ್ನೇ ಎಡಕ್ಕೆ ಬಲಕ್ಕೆ ಸರಿಸಿದ. ತಬಲದವನು ನನ್ನ ಎಡಕ್ಕೆ ಕೂರುತ್ತಾನೆ, ಆದ್ದರಿಂದ ತಬಲ ಎಡಕ್ಕೆ. ಗಿಟಾರ್ ಬಲಕ್ಕೆ. ಇಷ್ಟೊತ್ತು ಹಣೆಯ ನಡುವೆ ಒಂದೇ ಗಂಟಾಗಿದ್ದ ಸದ್ದು ಬಿಚ್ಚಿಕೊಂಡು ಅವರವರ ಜಾಗದಲ್ಲಿ ಹೋಗಿ ಕೂತಿತು. ವಾಲ್ಯೂಮ್ ಒಂದು ಗೆರೆಯೂ ಏರದೆ ಎಲ್ಲವೂ ಹೆಚ್ಚು ಸ್ಪಷ್ಟವಾಯಿತು. ಹೀಗೆ ಎಡಬಲ ಬೇರ್ಪಡಿಸುವ ಸ್ಟೀರಿಯೊಗೆ ಒಬ್ಬೊಬ್ಬರಿಗೆ ಎರಡು ಕಾಲುವೆ, ಅಂದರೆ ಬಸ್, ಬೇಕು, ನಮ್ಮ ಮಿಕ್ಸರಿನಲ್ಲಿರುವುದು 16. ಎಫೆಕ್ಟಿಗೆ ಬೇಕಾದ್ದನ್ನು ಕಳೆದರೆ ಎಲ್ಲರಿಗೂ ಸಾಲದು. ಜೊತೆ ಹಾಡುವ ಮೂವರು ಒಂದೇ ಮಿಕ್ಸನ್ನು ಹಂಚಿಕೊಂಡರು.

ಒಂದೊಂದು ಬಸ್ಸಿಗೂ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕದೆ ಅವನು ನನ್ನನ್ನು ಮೇಲೇಳಲು ಬಿಡಲಿಲ್ಲ. ಮೈಕು ಕೈಜಾರಿ ಬಿದ್ದರೆ, ಗಿಟಾರಿನ ಕೇಬಲ್ಲನ್ನು ಯಾರಾದರೂ ಮ್ಯೂಟ್ ಮಾಡದೆ ಕಿತ್ತರೆ ಬರುವ ಸಿಡಿಲು ಕಿವಿಯ ಪರದೆಗೆ ಬಡಿಯುವ ದಾರಿ ಎರಡೂವರೆ ಸೆಂಟಿಮೀಟರೂ ಇಲ್ಲ. ಲಿಮಿಟರ್ ಇಲ್ಲದ ಇಯರ್ ಮಾನಿಟರನ್ನು ಯಾರ ಕಿವಿಗೂ ಕೊಡಬಾರದು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಆಮೇಲೆ ಅವನು ಎರಡು ಮೈಕು ತಂದ. ವೇದಿಕೆಯ ಮುಂದಿನ ಅಂಚಿನ ಎರಡು ಕೊನೆಗಳಲ್ಲಿ, ಬೆನ್ನು ಡ್ರಮ್ಸ್ ಕಡೆಗೆ, ಮುಖ ಜನರ ಕಡೆಗೆ. ಹಾಲಿನ ಸ್ಪೀಕರುಗಳು ಮೈಕುಗಳಿಗಿಂತ ಮುಂದೆ ಇರುವ ಹಾಗೆ ನೋಡಿಕೊಂಡ. ಆ ಮೈಕುಗಳ ದನಿ ಹಾಲಿಗೆ ಹೋಗುವುದೇ ಇಲ್ಲ, ನಮ್ಮ ಕಿವಿಗಳಿಗೆ ಮಾತ್ರ. ಫ್ಯಾನಿನ ಗೊರಗೊರ, ಸ್ಪೀಕರಿನ ಗುಮ್ಮು ಬರದಂತೆ ಕೆಳಗಿನ ಮಂದ್ರವನ್ನು ಕತ್ತರಿಸಿದ. ಎಡದ್ದನ್ನು ಪೂರ್ತಿ ಎಡಕ್ಕೆ, ಬಲದ್ದನ್ನು ಪೂರ್ತಿ ಬಲಕ್ಕೆ. ಖಾಲಿ ಆಲಯದಲ್ಲಿ ಅದು ಬರೀ ಪ್ರತಿಧ್ವನಿಯಂತೆ ಕೇಳಿತು. ಇದರ ಅಳತೆಯನ್ನು ಸೌಂಡ್ ಚೆಕ್ಕಿನಲ್ಲಿ ಮಾಡಲು ಬರುವುದಿಲ್ಲ, ಜನರು ಬಂದು ಕೂತ ಮೇಲೆ ಅವರ ಮೈ, ಬಟ್ಟೆಗಳೇ ಅರ್ಧ ಪ್ರತಿಧ್ವನಿಯನ್ನು ಕುಡಿದುಬಿಡುತ್ತವೆ ಎಂದ. ಮೊದಲ ಹಾಡು ನಡೆಯುವಾಗ ನಾನೇ ಫೋನಿನಲ್ಲಿ ಏರಿಸಿಕೊಳ್ಳಬೇಕೆಂದು ಹೇಳಿದ.

ಮುಂದಿನ ಭಾನುವಾರ ಮೊದಲ ಹಾಡಿನ ಎರಡನೇ ಚರಣದಲ್ಲಿ ಬಲಗೈ ಬಿಡುವಾದಾಗ ಫೋನಿನಲ್ಲಿ ಆ ಮೈಕುಗಳ ಗೆರೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸಿದೆ. ಕತ್ತಲೆಯ ಕೋಣೆಯಲ್ಲಿ ಯಾರೋ ಕಿಟಕಿ ತೆರೆದ ಹಾಗಾಯಿತು. ಎಡಗಡೆಯ ಹೆಂಗಸರ ಸಾಲುಗಳು ಎಡಗಿವಿಯಲ್ಲಿ, ಬಲಗಡೆಯ ಗಂಡಸರ ಸಾಲುಗಳು ಬಲಗಿವಿಯಲ್ಲಿ. ಒಬ್ಬ ಹಿರಿಯರು ಹಳೆಯ ಕ್ವಾಯರಿನ ರೂಢಿಯಂತೆ ಕೆಳಗಿನ ಧ್ವನಿಯನ್ನು ಹಿಡಿದು ಹಾಡುತ್ತಿದ್ದರು. ಇಷ್ಟು ವರ್ಷ ಅವರು ಹಾಗೆ ಹಾಡುತ್ತಾರೆಂಬುದೇ ನನಗೆ ತಿಳಿದಿರಲಿಲ್ಲ. ಒಂದು ಮಗು ಅಳುತ್ತಿತ್ತು, ತಾಯಿ ಅದನ್ನು ಸಮಾಧಾನ ಮಾಡುತ್ತಲೇ ಹಾಡುತ್ತಿದ್ದಳು, ಅವಳ ದನಿ ಹೊರಳಿ ಹೊರಳಿ ಬರುತ್ತಿತ್ತು. ಯಾರೋ ಪುಟ ಮಗುಚಿದರು. ಬಿಳಿಸೀರೆಯ ಅಜ್ಜಿಯ ದನಿ ಯಾವುದೆಂದು ಹುಡುಕಿದೆ, ಸಿಗಲಿಲ್ಲ. ಎಲ್ಲರ ನಡುವೆ ಎಲ್ಲೋ ಇತ್ತು. ನಾನು ಬಾರಿಸುತ್ತಿದ್ದ ಸ್ವರಗಳನ್ನು ಆ ಹೊತ್ತಿನಲ್ಲಿ ಅರ್ಧಕ್ಕರ್ಧ ಕಡಿಮೆ ಮಾಡಿದೆ. ಅವು ಬೇಕಾಗಿರಲಿಲ್ಲ.

ಈ ಮೈಕುಗಳ ಒಂದು ಸ್ವಭಾವವನ್ನು ತಿಳಿದಿರಬೇಕು. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರು ಓಡುತ್ತದೆ. 25 ಮೀಟರ್ ದೂರದ ಹಿಂದಿನ ಸಾಲಿಗೆ ನಮ್ಮ ಹಾಡು ತಲುಪಲು 73 ಮಿಲಿಸೆಕೆಂಡ್, ಅವರ ಹಾಡು ಮರಳಲು ಮತ್ತೆ ಅಷ್ಟೇ. ಅಲ್ಲಿಗೆ ಸಭೆ ಯಾವಾಗಲೂ ನಮ್ಮ ಹಿಂದೆಯೇ ಇರುತ್ತದೆ. ಅವರಿಗಾಗಿ ಕಾದರೆ ಅವರು ಇನ್ನಷ್ಟು ಕಾಯುತ್ತಾರೆ, ಹಾಡು ಕೆಸರಿನಲ್ಲಿ ಗಾಡಿ ಸಿಕ್ಕಿದಂತೆ ನಿಧಾನವಾಗುತ್ತದೆ. ದೊಡ್ಡ ಕಲ್ಲಿನ ಆಲಯಗಳ ಆರ್ಗನ್ ವಾದಕರಿಗೆ ಇದು ಗೊತ್ತಿದ್ದ ವಿದ್ಯೆ, ಜನರನ್ನು ಕೇಳಿಸಿಕೊಳ್ಳುತ್ತಲೇ ಕೈಯನ್ನು ಮುಂದಕ್ಕೆ ನಡೆಸುವುದು. ಲಯವನ್ನು ಡ್ರಮ್ಸ್‌ನಿಂದ, ತಬಲದಿಂದ ಹಿಡಿಯಬೇಕು. ಸಭೆಯಿಂದ ಹಿಡಿಯಬೇಕಾದದ್ದು ಅದರ ಮನಸ್ಸನ್ನು. ಲಯ ಎಣಿಸುವ ಕ್ಲಿಕ್ ಸದ್ದನ್ನು ಹಾಕಿಕೊಳ್ಳುವ ಹಾಡುಗಳಲ್ಲೂ ನಮ್ಮಲ್ಲಿ ಅದು ಇಬ್ಬರ ಕಿವಿಗೆ ಮಾತ್ರ ಹೋಗುತ್ತದೆ, ಡ್ರಮ್ಸ್‌ನವನಿಗೆ ಮತ್ತು ನನಗೆ. ದಾದ್ರಾದ ಆರು ಮಾತ್ರೆಗೆ ಕೂರಿಸಿದ ಹಳೆಯ ಕೀರ್ತನೆಗಳಿಗೆ ಅದನ್ನು ಹಾಕುವುದೇ ಇಲ್ಲ. ಅಲ್ಲಿ ತಬಲದ ಹುಡುಗನ ಕೈಯೇ ನಮಗೆ ಗಡಿಯಾರ.

ಹಾಡುವವರ ಕಷ್ಟ ಬೇರೆ. ಈಗ ಓದುತ್ತಿರುವಲ್ಲೇ ಎರಡೂ ಕಿವಿಗೆ ಬೆರಳಿಟ್ಟು ‘ಆ’ ಅನ್ನಿ, ಆಮೇಲೆ ‘ಈ’ ಅನ್ನಿ, ‘ಊ’ ಅನ್ನಿ. ಕೊನೆಯ ಎರಡಕ್ಕೆ ತಲೆಯೇ ಕೊಡವಾಗಿ ಮೊಳಗುತ್ತದೆ. ಗಂಟಲಿನ ಕಂಪನ ಮೂಳೆಯ ಮೂಲಕ ಕಿವಿಯ ದಾರಿಗೆ ಬಂದು, ಹೊರಗೆ ಹೋಗಲು ಬಾಗಿಲಿಲ್ಲದೆ ಅಲ್ಲೇ ತುಂಬಿಕೊಳ್ಳುವುದರಿಂದ ಹೀಗೆ. ನಮ್ಮ ಹಾಡು ನಡೆಸುವ ಅಕ್ಕ ಶಾಲೆಯಲ್ಲಿ ಟೀಚರು. ಮೊದಲ ಎರಡು ವಾರ ಅವರು ಪ್ರತಿ ಹಾಡಿನ ನಡುವೆ ಒಂದು ಕಿವಿಯದನ್ನು ಕಿತ್ತು ಹೆಗಲ ಮೇಲೆ ಬಿಡುತ್ತಿದ್ದರು. ಯಾಕೆಂದು ಕೇಳಿದರೆ, ದೇವರ ಹೆಸರು ಬಂದಾಗಲೆಲ್ಲ ನನ್ನ ದನಿ ನನಗೇ ಒದ್ದ ಹಾಗೆ ಆಗುತ್ತದೆ ಎಂದರು. ಆಮೇಲೆ ಹೊಳೆಯಿತು. ಯೇಸು, ಪ್ರಭು, ನಮ್ಮ ಹಾಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಎರಡು ಹೆಸರುಗಳೂ ಉಕಾರದಲ್ಲಿ ಮುಗಿಯುತ್ತವೆ. ಅವರು ಎಳೆದು ಹಾಡುವುದೂ ಅಲ್ಲೇ.

ಒಂದು ಕಿವಿ ಕಿತ್ತು ಹಾಡುವುದು ಮಾತ್ರ ಒಳ್ಳೆಯದಲ್ಲ. ಎರಡೂ ಕಿವಿಗೆ ಬರುವ ದನಿ ಒಂದೇ ಕಿವಿಗೆ ಬರುವುದಕ್ಕಿಂತ ಜೋರಾಗಿ ತೋರುತ್ತದೆ. ಒಂದನ್ನು ಕಿತ್ತವರು ಉಳಿದದ್ದನ್ನು ಏರಿಸಲೇಬೇಕಾಗುತ್ತದೆ, ತೆರೆದ ಕಿವಿಗೆ ಡ್ರಮ್ಸ್ ನೇರವಾಗಿ ಬಡಿಯುತ್ತದೆ. ಎರಡೂ ಕಿವಿಗೆ ಕೇಡು. ಹುಡುಗ ಅಕ್ಕನ ಮಿಕ್ಸಿನಲ್ಲಿ ಅವರ ದನಿಯ ಕೆಳಗಿನ ಗುಮ್ಮನ್ನು, 200ರಿಂದ 400 ಹರ್ಟ್ಸ್ ನಡುವೆ, ತಗ್ಗಿಸಿದ. ಒಣಗಿದ ದನಿಗೆ ತುಸು ರಿವರ್ಬ್ ಕೊಟ್ಟ, ಆಲಯದಲ್ಲಿ ನಿಂತು ಹಾಡಿದ ಹಾಗೆ ಅನ್ನಿಸುವಷ್ಟು. ಸ್ಪಂಜನ್ನು ಇನ್ನೂ ಆಳಕ್ಕೆ ಹಾಕಿಸಿದ. ಆಳಕ್ಕೆ ಹೋದಷ್ಟೂ ಆ ಮೊಳಗು ಕಡಿಮೆಯಾಗುತ್ತದೆ. ಕೊನೆಗೆ ಸಭೆಯ ಎರಡು ಮೈಕುಗಳನ್ನು ನಮಗೆಲ್ಲರಿಗಿಂತ ಹೆಚ್ಚಾಗಿ ಅವರಿಗೆ ಕೊಟ್ಟ. ಆ ದಿನದಿಂದ ಅವರು ಕಿವಿಯಿಂದ ಕಿತ್ತದ್ದನ್ನು ನಾನು ನೋಡಿಲ್ಲ. ಹಾಡು ಮುಗಿಸುವ ಮೊದಲು ಅವರು ಒಂದು ಕ್ಷಣ ತಡೆಯುತ್ತಾರೆ. ಸಭೆ ಇನ್ನೂ ಹಾಡಲು ಬಯಸುತ್ತದೆಯೋ ಎಂದು ಕೇಳಿಸಿಕೊಳ್ಳುತ್ತಾರೆ.

ನೆಲದ ಪೆಟ್ಟಿಗೆಗಳು ಹೋದ ಮೇಲೆ ವೇದಿಕೆಯ ಗದ್ದಲ ತಗ್ಗಿತು, ಹಾಲಿನ ವಾಲ್ಯೂಮ್ ತಾನಾಗಿ ಇಳಿಯಿತು. ವಾದ್ಯದ ಬಗ್ಗೆ ಹೇಳಲು ಬರುತ್ತಿದ್ದ ಹಿರಿಯರು ಈಗ ಬಂದು ಹಾಡಿನ ಬಗ್ಗೆ ಮಾತಾಡುತ್ತಾರೆ. ನನ್ನ ಜೀರುಂಡೆ ನಿಂತಿದೆ. ಪೂರ್ತಿ ಹೋಯಿತೆಂದು ಹೇಳಲಾರೆ, ಬಹಳ ಮೌನದ ರಾತ್ರಿಗಳಲ್ಲಿ ದೂರದಲ್ಲೆಲ್ಲೋ ಒಂದು ಕೂಗುತ್ತದೆ.

ಕಳೆದ ಕ್ರಿಸ್‌ಮಸ್ಸಿಗೆ ಅಪ್ಪ ಊರಿಂದ ಬಂದಿದ್ದರು. ಆರಾಧನೆಗೆ ಮೊದಲು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಇನ್ನೊಂದು ಇಯರ್‌ಫೋನನ್ನು ನಾನೇ ಹೊಸೆದು ಅವರ ಕಿವಿಗೆ ಹಾಕಿದೆ. ಮಗು ಕಿವಿ ಕೊಟ್ಟ ಹಾಗೆ ತಲೆ ವಾಲಿಸಿ ಕೂತರು. ನನ್ನದೇ ಮಿಕ್ಸನ್ನು ಅವರಿಗೂ ಕೊಟ್ಟಿದ್ದೆ. ಹಾಡು ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ಕೀಬೋರ್ಡಿನ ಕಡೆ ಬೆರಳು ತೋರಿಸಿ, ಕೈಯನ್ನು ಮೆತ್ತಗೆ ಕೆಳಕ್ಕೆ ಆಡಿಸಿದರು. ನನ್ನ ದನಿ ಇಳಿಸಿದೆ. ಸಭೆಯ ಕಡೆ ಬೆರಳು ತೋರಿಸಿ, ಕೈಯನ್ನು ಮೇಲಕ್ಕೆ ಆಡಿಸಿದರು. ಏರಿಸಿದೆ. ಅವರು ಕಣ್ಣು ಮುಚ್ಚಿದರು. ಅಂದು ಅವರು ಇಟ್ಟ ಅಳತೆಯನ್ನೇ ನಾನು ಫೋನಿನಲ್ಲಿ ಅಪ್ಪ ಎಂದು ಹೆಸರು ಹಾಕಿ ಉಳಿಸಿಕೊಂಡಿದ್ದೇನೆ.

ನಿಮ್ಮ ಸಭೆಯಲ್ಲೂ ಈಗ ಇಯರ್ ಮಾನಿಟರ್ ತರಿಸುವ ಮಾತು ನಡೆಯುತ್ತಿದ್ದರೆ ನನ್ನದೊಂದು ಬೇಡಿಕೆ. ಪಟ್ಟಿ ಬರೆಯುವಾಗ ಜನರ ಕಡೆ ಮುಖಮಾಡುವ ಎರಡು ಮೈಕುಗಳನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಅಂಗಡಿಯವರು ಅದನ್ನು ಆಮೇಲೆ ನೋಡೋಣ ಎನ್ನಬಹುದು, ಕಮಿಟಿಯವರು ಹಾಲಿಗೆ ದನಿ ಹೋಗದ ಮೈಕು ಯಾಕೆ ಎನ್ನಬಹುದು. ದುಡ್ಡು ಸಾಲದಿದ್ದರೆ ಇಯರ್‌ಫೋನಿನಲ್ಲಿ ಒಂದು ದರ್ಜೆ ಕೆಳಗಿನದನ್ನು ತನ್ನಿ, ವೈರ್‌ಲೆಸ್ ಬಿಟ್ಟು ತಂತಿಯದನ್ನು ತನ್ನಿ, ಬೇಕಾದರೆ ಮುಂದಿನ ಸುಗ್ಗಿ ಹಬ್ಬದವರೆಗೆ ಕಾಯಿರಿ. ಆ ಎರಡು ಮೈಕುಗಳಿಲ್ಲದೆ ಮಾತ್ರ ಶುರುಮಾಡಬೇಡಿ.